ಹುಚ್ಚೇಶನನ್ನು ಗೆಲ್ಲಿಸಿದವರು

ಇಳಕಲ್ ಬಸ್ ನಿಲ್ದಾಣದಲ್ಲಿ ಹುಚ್ಚೇಶ ಸುಮ್ಮನೆ ಒಂದು ಕ್ಷಣ ನಿಂತರೆ ಸಾಕು, ಯಾರಾದರೂ ಬಂದು ಅವನ ತೋಳು ಹಿಡಿಯುತ್ತಾರೆ. ಎಲ್ಲಿಗೆ ಹೋಗಬೇಕು ಎಂದು ಕೇಳುವುದಿಲ್ಲ. ಒಮ್ಮೆ ಹೀಗೆ ಒಬ್ಬ ಪುಣ್ಯಾತ್ಮ ಅವನನ್ನು ಎಳೆದುಕೊಂಡು ಹೋಗಿ ಕುಷ್ಟಗಿ ಬಸ್ಸಿಗೆ ಹತ್ತಿಸಿ, ‘ಪಾಪ, ಕಣ್ಣಿಲ್ಲ, ಒಂದ ಸೀಟ ಕೊಡ್ರಿ’ ಎಂದು ಕಂಡಕ್ಟರಿಗೆ ಹೇಳಿ ಇಳಿದುಹೋದ. ಹುಚ್ಚೇಶ ಅಲ್ಲಿ ನಿಂತಿದ್ದದ್ದು ಚಹಾ ಕುಡಿಯುವುದಕ್ಕೆ. ಬಸ್ಸು ಊರು ದಾಟಿದ ಮೇಲೆ ಅವನನ್ನು ಇಳಿಸಿದರು. ಇದನ್ನು ಅವನೇ ನಗುತ್ತ ಹೇಳುತ್ತಾನೆ. ಆದರೆ ಹೇಳಿ ಮುಗಿಸಿದ ಮೇಲೆ ಅವನ ಮುಖ ನಗುವುದಿಲ್ಲ.

ನೇಕಾರರ ಮನೆ. ತಂದೆ ತೀರಿಹೋಗಿ ಬಹಳ ವರ್ಷವಾಯಿತು. ತಾಯಿ ಚಂದ್ರವ್ವ ಕೈಮಗ್ಗದಲ್ಲಿ ಸೀರೆ ನೇಯುತ್ತಾಳೆ. ಹುಚ್ಚೇಶ ಅವಳಿಗೂ ಪಕ್ಕದ ಮನೆಗಳ ಮಗ್ಗಗಳಿಗೂ ಹೊಕ್ಕಿನ ನೂಲಿನ ಕಂಡಿಕೆ ಸುತ್ತಿ ಕೊಡುತ್ತಾನೆ. ಹುಟ್ಟಿದ ವರ್ಷವೇ ಜ್ವರ ಬಂದು ಎರಡೂ ಕಣ್ಣು ಹೋದವು. ಓಣಿಯ ಹುಡುಗರು ಅವನನ್ನು ಆಟಕ್ಕೆ ಸೇರಿಸಿಕೊಳ್ಳದೆ ಇರುತ್ತಿರಲಿಲ್ಲ, ಆದರೆ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಸಿಕ್ಕಿಬಿದ್ದರೂ ‘ಏ, ಅವನ್ನ ಬಿಡ್ರಲೇ’ ಅನ್ನುವರು. ಅಂಧ ಮಕ್ಕಳ ಶಾಲೆಯಲ್ಲಿದ್ದಾಗ ಹೊರಗಿನ ಗಾಯನ ಸ್ಪರ್ಧೆಗಳಿಗೆ ಕರೆದೊಯ್ಯುತ್ತಿದ್ದರು. ತನಗೆ ಹಾಡಲು ಬರುವುದಿಲ್ಲ ಎಂಬುದು ಹುಚ್ಚೇಶನಿಗೆ ಚೆನ್ನಾಗಿ ಗೊತ್ತಿತ್ತು. ಚಪ್ಪಾಳೆ ಮಾತ್ರ ಎಲ್ಲರಿಗಿಂತ ಅವನಿಗೇ ಜೋರಾಗಿ ಬೀಳುತ್ತಿತ್ತು. ಸಮಾಧಾನಕರ ಬಹುಮಾನವೆಂದು ಸ್ಟೀಲಿನ ಡಬ್ಬಿ ಕೊಡುವರು. ಮನೆಯಲ್ಲಿ ಅಂಥ ಡಬ್ಬಿಗಳ ಒಂದು ಸಾಲೇ ಇದೆ. ಚಂದ್ರವ್ವ ಬೇಳೆ ತುಂಬಿಟ್ಟಿದ್ದಾಳೆ.

ಮುರ್ತುಜಸಾಬ ಆ ಮನೆಗೆ ಬಂದದ್ದು ಮೊಮ್ಮಗಳ ಲಗ್ನಕ್ಕೆ ಒಂದು ಸೀರೆ ನೇಯಿಸಲು. ಸೈನ್ಯದಲ್ಲಿ ರೇಡಿಯೋ ಸಂದೇಶ ಕಳಿಸುವ ಕೆಲಸ ಮಾಡಿ ನಿವೃತ್ತನಾದ ಮನುಷ್ಯ. ಊರಿಗೆ ಬಂದ ಮೇಲೆ ಸರಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದು ಮನೆಯಲ್ಲೇ ಹವ್ಯಾಸಿ ರೇಡಿಯೋ ಇಟ್ಟುಕೊಂಡಿದ್ದ. ದೂರದೂರದ ಊರುಗಳಲ್ಲಿ ತನ್ನಂತೆಯೇ ಸೆಟ್ಟು ಇಟ್ಟುಕೊಂಡವರ ಜೊತೆ ಗಾಳಿಯಲ್ಲಿ ಮಾತಾಡುವ ಹವ್ಯಾಸ ಅದು. ಸೀರೆಯ ಮಾತು ಮುಗಿದ ಮೇಲೂ ಅವನು ಎದ್ದುಹೋಗಲಿಲ್ಲ. ಒಳಕೋಣೆಯಲ್ಲಿ ಕಂಡಿಕೆ ಸುತ್ತುತ್ತ ಕೂತಿದ್ದ ಹುಚ್ಚೇಶ, ಓಣಿಯಲ್ಲಿ ಹಾದುಹೋದ ಪ್ರತಿ ಬೈಕೂ ಯಾರದೆಂದು ಶಬ್ದದ ಮೇಲೆಯೇ ತಾಯಿಗೆ ಹೇಳುತ್ತಿದ್ದದ್ದನ್ನು ಮುರ್ತುಜಸಾಬ ಕೇಳಿಸಿಕೊಂಡ.

‘ನಿನಗ ಮೋರ್ಸ್ ಕಲಸ್ತೇನಿ. ಕಲೀತಿಯೇನು?’

‘ನನಗ ಕಣ್ಣ ಕಾಣಂಗಿಲ್ರಿ ಚಾಚಾ.’

‘ಕಣ್ಣಿನ ಮಾತ ಯಾರ ಕೇಳ್ಯಾರ? ಕಿವಿಗೇನ ಧಾಡಿ ಆಗೈತಿ ನಿನಗ?’

ಅಷ್ಟು ಒರಟಾಗಿ ಅಲ್ಲಿಯವರೆಗೆ ಯಾರೂ ಅವನೊಡನೆ ಮಾತಾಡಿರಲಿಲ್ಲ. ಮರುದಿನವೇ ಹುಚ್ಚೇಶ ಕೋಲು ಹಿಡಿದು ಅವನ ಮನೆ ಹುಡುಕಿಕೊಂಡು ಹೋದ.

ಒಂದೊಂದು ಅಕ್ಷರಕ್ಕೂ ಒಂದೊಂದು ನಾದ, ಉದ್ದ ಗಿಡ್ಡ ಸದ್ದುಗಳ ಜೋಡಣೆ. ಹುಚ್ಚೇಶ ಬೇಗ ಕಲಿತ. ತಪ್ಪಿದಾಗ ಮುರ್ತುಜಸಾಬ ಮೇಜಿನ ಮೇಲೆ ಗುದ್ದುತ್ತಿದ್ದ, ಬಯ್ಯುತ್ತಿದ್ದ, ‘ಎದ್ದ ಮನೀಗೆ ಹೋಗು’ ಅನ್ನುತ್ತಿದ್ದ. ಪರೀಕ್ಷೆಯಾಯಿತು, ಬಹಳ ದಿನ ಕಾಯಿಸಿ ಲೈಸೆನ್ಸೂ ಬಂತು. ಮುರ್ತುಜಸಾಬ ತನ್ನ ಹಳೆಯ ಸೆಟ್ಟೊಂದನ್ನು ಕೊಟ್ಟು, ಮಾಳಿಗೆಯ ಮೇಲೆ ಎರಡು ಪೈಪು ನಿಲ್ಲಿಸಿ ತಂತಿ ಎಳೆಸಿದ. ಕೇಳಿದ ಹೆಸರು, ನಂಬರುಗಳನ್ನು ಬರೆದಿಡಲು ಹಳೆಯ ಲ್ಯಾಪ್‌ಟಾಪ್ ಸಿಕ್ಕಿತು. ಒಂದು ಕಿವಿಗೆ ರೇಡಿಯೋ, ಇನ್ನೊಂದು ಕಿವಿಗೆ ಒತ್ತಿದ ಅಕ್ಷರವನ್ನು ಓದಿ ಹೇಳುವ ಲ್ಯಾಪ್‌ಟಾಪಿನ ದನಿ. ಎರಡನ್ನೂ ಬೇರೆಬೇರೆಯಾಗಿ ಕೇಳುವುದು ರೂಢಿಯಾಗಲು ಅವನಿಗೆ ಒಂದು ಮಳೆಗಾಲವೇ ಬೇಕಾಯಿತು.

ಸೆಟ್ಟು ಕೂಡಿಸಿದ ಮೊದಮೊದಲು ಹುಚ್ಚೇಶ ಅವರಿವರ ಜೊತೆ ಹವಾಮಾನ, ಊಟ, ಊರು ಎಂದು ಹರಟುತ್ತ ಕೂಡುತ್ತಿದ್ದ. ಮುರ್ತುಜಸಾಬನಿಗೆ ಅದು ಸರಿಬರಲಿಲ್ಲ.

‘ಸ್ಪರ್ಧಾಕ್ಕ ಇಳಿ,’ ಅಂದ. ‘ಅಲ್ಲಿ ರೇಡಿಯೋ ಮುಳ್ಳಿನ ಒಂದ ಜಾಗಾದಾಗ ಹತ್ತ ಮಂದಿ ಒಮ್ಮೆಲೇ ಕೂಗತಾರ. ಅದರಾಗ ಒಬ್ಬನ ಹೆಸರ ಹಿಡೀಬೇಕು. ಪೂರಾ ಸಿಗಲಿಲ್ಲಂದ್ರ ಎರಡ ಅಕ್ಷರ ಹಿಡದು ಅಷ್ಟ ವಾಪಸ್ ಹೇಳು, ಉಳದವರು ಸುಮ್ಮನಾಗ್ತಾರ. ಆವತ್ತ ಅಂವ ಹಿಡದ ಮಂದಿ ಲೆಕ್ಕದ ನಂಬರ್ ತಗೋ, ನಿಂದ ಕೊಡು, ಮುಂದಿನಾಂವನ್ನ ಕರಿ. ಇಡೀ ದಿನ ಹಿಂಗ ದುಡದಾಂವಗ ನಾಳೆ ಹೊಳಿ ಬರಲಿ, ಬೆಂಕಿ ಬೀಳಲಿ, ಸುದ್ದಿ ಮುಟ್ಟಸಾಕ ಗಾಬರಿ ಆಗಂಗಿಲ್ಲ. ಹರಟಿ ಹೊಡಕೋಂತ ಕುಂತಾಂವಗ ಅದು ಯಾವತ್ತೂ ಬರಂಗಿಲ್ಲ.’

ಅದು ಮುರ್ತುಜಸಾಬನ ಕಾರಣ. ಹುಚ್ಚೇಶನಿಗೆ ಸ್ಪರ್ಧೆ ಹಿಡಿಸಿದ್ದಕ್ಕೆ ಬೇರೆಯದೇ ಕಾರಣವಿತ್ತು. ಮೊದಲನೆಯ ಸ್ಪರ್ಧೆಯಲ್ಲಿ ಕೇರಳದ ಒಬ್ಬನ ನಂಬರು ತೆಗೆದುಕೊಳ್ಳಲು ಅವನು ತಡಮಾಡಿದ, ಮತ್ತೆ ಕೇಳಿದ, ಮತ್ತೂ ಕೇಳಿದ. ಆ ಕಡೆಯವನು ಬೇಸತ್ತು ಅವನನ್ನು ಅರ್ಧಕ್ಕೇ ಬಿಟ್ಟು ಬೇರೆಯವರನ್ನು ಕರೆದ. ಹುಚ್ಚೇಶನಿಗೆ ಅವಮಾನವಾಯಿತು. ಆಮೇಲೆ ಒಳಗೊಳಗೇ ಏನೋ ಒಂದು ಖುಷಿ ಹುಟ್ಟಿತು. ಅವನನ್ನು ಯಾರೂ ಹಾಗೆ ಬಿಟ್ಟುಹೋಗಿರಲಿಲ್ಲ. ಎಲ್ಲರೂ ಕೈ ಹಿಡಿದೇ ಇರುತ್ತಿದ್ದರು.

ಫಲಿತಾಂಶ ಬಂದ ದಿನ ಚಂದ್ರವ್ವ ಕೇಳಿದಳು: ‘ಎಷ್ಟನೇ ನಂಬರ್ ಬಂತಪಾ?’

‘ಕೆಳಗಿಂದ ಮೂರನೇದು!’

‘ಅದಕ್ಕ ಇಷ್ಟ ನಗತೀಯಲ್ಲ, ಹುಚ್ಚ ಹಿಡದೈತೇನು?’

ಅವಳಿಗೆ ಹೇಗೆ ಹೇಳುವುದು? ಅಷ್ಟೂ ವರ್ಷಗಳಲ್ಲಿ ಅವನಿಗೆ ಸಿಕ್ಕ ಮೊದಲ ನಿಜವಾದ ಸ್ಥಾನ ಅದು.

ತನಗೆ ಕಣ್ಣಿಲ್ಲವೆಂದು ಹುಚ್ಚೇಶ ಗಾಳಿಯಲ್ಲಿ ಯಾರಿಗೂ ಹೇಳಲಿಲ್ಲ. ಸುಳ್ಳಾಡಲಿಲ್ಲ, ಯಾರೂ ಕೇಳಲಿಲ್ಲ. ಬಾಯಿಮಾತಿನ ಸಂಪರ್ಕವನ್ನೇ ಬಿಟ್ಟು ಮೋರ್ಸ್‌ನಲ್ಲಿ ಮಾತ್ರ ಇರುತ್ತಿದ್ದ. ಕೂಟ, ಊಟ ಎಂದು ಕರೆದರೆ ಏನಾದರೊಂದು ನೆವ ಹೇಳುತ್ತಿದ್ದ. ಮುರ್ತುಜಸಾಬನೂ ಬಾಯಿ ಬಿಡಲಿಲ್ಲ. ಒಂದು ಚಳಿಗಾಲದಲ್ಲಿ ಅವನು ತೀರಿಕೊಂಡ ಮೇಲೆ ಆ ಗುಟ್ಟು ತಾಯಿ ಮಗನಲ್ಲೇ ಉಳಿಯಿತು.

ಅಷ್ಟರಲ್ಲಿ ಹುಚ್ಚೇಶ ಕೆಳಗಿನಿಂದ ಎಣಿಸುವ ಜಾಗ ಬಿಟ್ಟು ಮೇಲೆ ಬಂದಿದ್ದ. ಜಿಲ್ಲೆಯ ಆಚೀಚೆಯ ಹವ್ಯಾಸಿಗಳು ಸೇರಿ ಕಟ್ಟಿಕೊಂಡ ಬಳಗವೊಂದು ಪ್ರತಿ ಚಳಿಗಾಲ ಒಂದು ಭಾನುವಾರ ದಕ್ಷಿಣದ ರಾಜ್ಯಗಳಿಗೆಲ್ಲ ತೆರೆದ ಸ್ಪರ್ಧೆ ನಡೆಸುತ್ತಿತ್ತು. ಅದರಲ್ಲಿ ಅವನಿಗಿಂತ ಮೇಲೆ ಉಳಿದವನು ಒಬ್ಬನೇ: ಕುಳಗೇರಿ ಕ್ರಾಸಿನ ಅಮಸಿದ್ದಪ್ಪ.

ಅಮಸಿದ್ದಪ್ಪ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವವನು. ಕ್ರಾಸಿನಲ್ಲಿ ಅಂಗಡಿ, ಅಂಗಡಿಯ ಮೇಲೆಯೇ ಆಂಟೆನಾ. ಐವತ್ತು ದಾಟಿದ ವಯಸ್ಸು. ಇಬ್ಬರೂ ಮುಖಾಮುಖಿ ಆಗಿರಲಿಲ್ಲ, ಆದರೂ ಹುಚ್ಚೇಶನಿಗೆ ಅವನ ಕೈ ಗೊತ್ತು. ಕೊನೆಯ ಉದ್ದ ಸದ್ದನ್ನು ಅವನು ಒಂದಿಷ್ಟು ಎಳೆಯುತ್ತಿದ್ದ. ಹುಚ್ಚೇಶ ಒಳ್ಳೆಯ ತರಂಗಾಂತರವೊಂದರಲ್ಲಿ ಜಾಗ ಹಿಡಿದು ಕರೆಯುತ್ತಿದ್ದರೆ ಅದರ ಮಗ್ಗುಲಲ್ಲೇ ಬಂದು ಕೂತು, ಒತ್ತರಿಸಿ ಒತ್ತರಿಸಿ ಓಡಿಸಿಬಿಡುತ್ತಿದ್ದ. ಹುಚ್ಚೇಶನೂ ಬಿಡುತ್ತಿರಲಿಲ್ಲ, ಮಧ್ಯಾಹ್ನ ಅವನು ಉಣ್ಣಲು ಎದ್ದ ಹೊತ್ತು ನೋಡಿ ಆ ಜಾಗವನ್ನು ತಾನು ನುಂಗುತ್ತಿದ್ದ. ಸ್ಪರ್ಧೆ ಮುಗಿದ ಮೇಲೆ ಗಾಳಿಯಲ್ಲೇ ಬೈಗುಳ, ನಗು. ‘ಮುಂದಿನ ವರ್ಷ ನಿನ್ನ ಮಣ್ಣು ಮುಕ್ಕಸ್ತೇನಿ’ ಎಂದು ಅಮಸಿದ್ದಪ್ಪ ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕಳಿಸುತ್ತಿದ್ದ. ಹುಚ್ಚೇಶನಿಗೆ ಆ ಬೈಗುಳ ಇಡೀ ವರ್ಷಕ್ಕೆ ಸಾಕಾಗುತ್ತಿತ್ತು.

ಎರಡನೆಯ ಸಲವೂ ಹುಚ್ಚೇಶ ಎರಡನೆಯವನೇ ಆದ. ಬಹುಮಾನ ತೆಗೆದುಕೊಳ್ಳಲು ಬಾಗಲಕೋಟೆಗೆ ಹೋಗಲಿಲ್ಲ. ಕೆಲವು ದಿನ ಬಿಟ್ಟು ಒಂದು ಬೆಳಗ್ಗೆ ಬಾಗಿಲಲ್ಲಿ ದೊಡ್ಡ ದನಿಯೊಂದು ಕೇಳಿತು:

‘ನನ್ನ ಜಾಗಾ ಕಸಗೊಳ್ಳೂ ಕಳ್ಳನ ಮನಿ ಇದ ಏನು?’

ಆ ದನಿ ಹಿಂದೆಂದೂ ಕೇಳಿದ್ದಲ್ಲ, ಆದರೂ ಯಾರೆಂದು ಗೊತ್ತಾಯಿತು. ಹುಚ್ಚೇಶ ಕಂಡಿಕೆ ಬಿಟ್ಟು ಎದ್ದ. ‘ಬರ್ರಿ ಅಣ್ಣಾರ, ಬರ್ರಿ’ ಎಂದು ಕೈ ಮುಂದೆ ಚಾಚಿದ. ಕೈ ಸ್ವಲ್ಪ ಬೇರೆ ದಿಕ್ಕಿಗೆ ಹೋಯಿತು.

ಯಾರೂ ಆ ಕೈ ಹಿಡಿಯಲಿಲ್ಲ.

‘ಅವಂಗ ಕಾಣಂಗಿಲ್ರಿ,’ ಮಗ್ಗದ ಮೇಲಿಂದ ಚಂದ್ರವ್ವ ಹೇಳಿದಳು. ‘ಕೂಸಿದ್ದಾಗಿಂದ ಹಂಗ ಐತ್ರಿ.’

‘ಹೌದನ… ಹೌದನವ್ವಾ…’

ಆಮೇಲೆ ಬಂದ ದನಿ ಬೇರೆ ಮನುಷ್ಯನದು ಅನ್ನುವಷ್ಟು ಬದಲಾಗಿತ್ತು. ಮೆತ್ತಗಾಗಿತ್ತು, ನಿಧಾನವಾಗಿತ್ತು. ಅಮಸಿದ್ದಪ್ಪ ಹುಚ್ಚೇಶನ ಎರಡೂ ಕೈ ಹಿಡಿದು, ಬೆರಳು ಬಿಡಿಸಿ, ಎರಡನೆಯ ಬಹುಮಾನದ ಫಲಕವನ್ನು ಅವುಗಳಲ್ಲಿಟ್ಟ. ‘ಇದು ನಿನ್ನ ಬಹುಮಾನ ನೋಡ ತಮ್ಮಾ. ಗಟ್ಟಿ ಹಿಡಕೋ. ಭಾರ ಐತಿ, ಹುಷಾರ.’ ಚಹಾ ಕುಡಿದ. ಸೆಟ್ಟಿನ ಬಗ್ಗೆ, ಆಂಟೆನಾದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹೋಗುವಾಗ ಹುಚ್ಚೇಶನ ತಲೆ ಸವರಿದ. ಚಂದ್ರವ್ವ ಅವನನ್ನು ಓಣಿಯ ತಿರುವಿನವರೆಗೆ ಕಳಿಸಿ ಬಂದಳು. ಬರಲು ಸ್ವಲ್ಪ ತಡವಾಯಿತು.

ಮುಂದಿನ ಚಳಿಗಾಲದ ಆ ಭಾನುವಾರ ಹುಚ್ಚೇಶ ಬೆಳಗಿನಿಂದಲೇ ಸಜ್ಜಾಗಿ ಕೂತಿದ್ದ. ಈ ಸ್ಪರ್ಧೆಯಲ್ಲಿ ಪ್ರತಿ ಸಂಪರ್ಕಕ್ಕೂ ತನ್ನ ಕ್ರಮಸಂಖ್ಯೆ ಹೇಳಬೇಕು. ಹೀಗಾಗಿ ಎದುರಿನವನು ಆವರೆಗೆ ಎಷ್ಟು ಮಂದಿಯನ್ನು ಹಿಡಿದಿದ್ದಾನೆ ಎಂಬುದು ಅವನ ನಂಬರಿನಲ್ಲೇ ತಿಳಿದುಬಿಡುತ್ತದೆ. ಒಬ್ಬನ ಜೊತೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ ಸಂಪರ್ಕ ಮಾಡಬಹುದು. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಇಬ್ಬರೂ ನಂಬರು ಕೊಟ್ಟು ತೆಗೆದುಕೊಂಡರು. ಅಮಸಿದ್ದಪ್ಪ ಒಂಬತ್ತು ಮುಂದಿದ್ದ. ಹುಚ್ಚೇಶ ಹಲ್ಲು ಕಚ್ಚಿ ಕೆಲಸಕ್ಕೆ ಬಿದ್ದ.

ಊಟದ ಹೊತ್ತು ಕಳೆಯಿತು. ಅಮಸಿದ್ದಪ್ಪ ಎಲ್ಲೂ ಕೇಳಲಿಲ್ಲ. ಮಗ್ಗುಲಲ್ಲಿ ಬಂದು ಒತ್ತರಿಸಲಿಲ್ಲ. ಹುಚ್ಚೇಶ ತಾನೇ ಸೆಟ್ಟಿನ ಗುಂಡಿ ತಿರುಗಿಸುತ್ತ ಈ ತುದಿಯಿಂದ ಆ ತುದಿಗೆ ಹುಡುಕಿದ. ಕುಳಗೇರಿಯಲ್ಲಿ ಕರೆಂಟು ಹೋಗಿರಬೇಕು ಅಂದುಕೊಂಡ. ಆದರೆ ಅಂಗಡಿಯಲ್ಲಿ ಬ್ಯಾಟರಿ ಇದೆ ಎಂದು ಅಮಸಿದ್ದಪ್ಪನೇ ಹಿಂದೊಮ್ಮೆ ಜಂಬ ಕೊಚ್ಚಿದ್ದ.

ಸ್ಪರ್ಧೆ ಮುಗಿಯಲು ಸ್ವಲ್ಪ ಹೊತ್ತಿರುವಾಗ ಆ ಪರಿಚಯದ ಕೈ ಕೇಳಿತು. ಅಮಸಿದ್ದಪ್ಪ ಅವನನ್ನೇ ಕರೆದ. ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ, ಕೂಸಿಗೆ ತುತ್ತು ಕೊಡುವಂತೆ ನಿಧಾನವಾಗಿ ಕಳಿಸಿದ. ನಂಬರನ್ನು ಎರಡು ಸಲ ಹೇಳಿದ. ಅದು ಮಧ್ಯಾಹ್ನದ ನಂಬರಿಗಿಂತ ಬರೀ ನಾಲ್ಕು ಹೆಚ್ಚು.

ಹುಚ್ಚೇಶನ ಕೈ ಮೋರ್ಸ್ ಕುಟ್ಟುವ ಕೀ ಮೇಲೆ ಹಾಗೇ ನಿಂತಿತು. ಚೆನ್ನೈಯವನೊಬ್ಬ ಎರಡು ಸಲ ಕರೆದು ಬೇಸತ್ತು ಹೋದ. ಎದ್ದುಬಿಡಲೇ ಎಂದು ಅವನಿಗೆ ಅನ್ನಿಸಿತು. ಆದರೆ ಹೊತ್ತು ಮುಗಿಯುವ ಮುಂಚೆ ಕುರ್ಚಿ ಬಿಟ್ಟೇಳುವವನನ್ನು ಮುರ್ತುಜಸಾಬ ಮನುಷ್ಯನೆಂದೇ ಎಣಿಸುತ್ತಿರಲಿಲ್ಲ. ಕೊನೆಯ ನಿಮಿಷದವರೆಗೂ ಕರೆಯುತ್ತಲೇ ಇದ್ದ.

ಮೊದಲ ಸ್ಥಾನ ಅವನಿಗೇ ಬಂತು.

ಚಂದ್ರವ್ವ ಹಟ ಹಿಡಿದಳು. ತಾನೇ ನೇಯ್ದ ಸೀರೆಯೊಂದನ್ನು ಉಟ್ಟುಕೊಂಡು ಮಗನನ್ನು ಬಾಗಲಕೋಟೆಗೆ ಹೊರಡಿಸಿದಳು. ಸಭಾಭವನದಲ್ಲಿ ಯಾರೋ ಇಬ್ಬರು ಅವನನ್ನು ಎರಡೂ ಕಡೆ ಹಿಡಿದು, ಅವನ ಕೋಲನ್ನು ಕಸಿದುಕೊಂಡು ವೇದಿಕೆ ಹತ್ತಿಸಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಬಳಗದ ಅಧ್ಯಕ್ಷರು ಮೈಕಿನಲ್ಲಿ, ‘ಕಣ್ಣಿದ್ದವರೇ ನಾಚಿಕೊಳ್ಳಬೇಕು! ದೇವರು ಒಂದು ಕಡೆ ಕಿತ್ತುಕೊಂಡರೆ ಇನ್ನೊಂದು ಕಡೆ ಕೊಡುತ್ತಾನೆ ಎಂಬುದಕ್ಕೆ ಇವರೇ ಸಾಕ್ಷಿ’ ಅಂದರು. ಮುಂದಿನ ವರ್ಷದಿಂದ ಇಂಥ ವಿಶೇಷಚೇತನರಿಗೆಂದೇ ಬೇರೆ ವಿಭಾಗ, ಬೇರೆ ಬಹುಮಾನ ಇಡುವುದಾಗಿ ಘೋಷಿಸಿದರು. ಚಪ್ಪಾಳೆ ಬಿತ್ತು. ಎಷ್ಟು ಮಂದಿಯನ್ನು ಹಿಡಿದ, ಎಷ್ಟು ತಪ್ಪಿದ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಕೆಳಗೆ ಚಂದ್ರವ್ವ ಅಳುತ್ತಿದ್ದದ್ದು ಹುಚ್ಚೇಶನಿಗೆ ಕೇಳುತ್ತಿತ್ತು. ಅದು ಸಂತೋಷದ ಅಳು.

ಊಟವಾದ ಮೇಲೆ ಅಮಸಿದ್ದಪ್ಪ ತಾನೇ ಹುಡುಕಿಕೊಂಡು ಬಂದ. ಇಬ್ಬರೂ ಅಂಗಳದ ಬೇವಿನ ಗಿಡದ ಕೆಳಗೆ ನಿಂತರು.

‘ಮಧ್ಯಾಹ್ನ ಎಲ್ಲಿ ಹೋಗಿದ್ರಿ?’ ಹುಚ್ಚೇಶ ಕೇಳಿದ.

‘ಕರೆಂಟ ಇರಲಿಲ್ಲ.’

‘ಬ್ಯಾಟರಿ?’

‘ಅದು… ಗಿರಾಕಿ ಬಂದಿದ್ದ. ಮೋಟಾರ್ ಅರ್ಜೆಂಟ್ ಇತ್ತು.’

‘ಅಣ್ಣಾರ, ನೀವು ಸುಳ್ಳ ಹೇಳೂದು ಕಲತಿಲ್ಲ. ಬಿಟ್ಟುಕೊಟ್ರಿ. ಹೌದಲ್ರಿ?’

‘ಒಂದ ಸಲ ಬಿಟ್ಟಕೊಟ್ರ ನನ್ನದೇನ ಕಡಿಮಿ ಆಗ್ತೈತೋ ತಮ್ಮಾ?’

‘ನಿಮ್ಮದ ಕಡಿಮಿ ಆಗಲಿಲ್ರಿ. ನಂದಾತು. ಇಷ್ಟ ವರ್ಷ ನೀವು ನನ್ನ ಸೋಲಿಸಿದ್ರಿ. ಹಂಗ ಸೋಲಿಸಾಕ ಯಾರೂ ಇರಲಿಲ್ರಿ ನನಗ. ಬೈತಿದ್ರಿ, ದೂಡ್ತಿದ್ರಿ. ಈಗ ನೀವೂ ಊರಿನ ಮಂದಿ ಹಂಗ ಆಗಿಬಿಟ್ರಿ.’

‘ಒಳ್ಳೇದು ಮಾಡಿದ್ದ ತಪ್ಪಾತೇನಪಾ?’ ಅಮಸಿದ್ದಪ್ಪನ ದನಿಯಲ್ಲೂ ನೋವು ಬಂತು. ‘ನಾ ಆಗಿ ಮಾಡಲಿಲ್ಲ. ಅವತ್ತ ನಿಮ್ಮ ಓಣಿ ತುದಿಗೆ ನಿಮ್ಮವ್ವ ನನ್ನ ಕೈ ಹಿಡದು ಕೇಳಿದ್ಲು. ಒಮ್ಮಿ ನನ್ನ ಮಗ ಗೆಲ್ಲಲೆಪ್ಪಾ, ಅಂದ್ಲು. ತಾಯಿ ಕೇಳಿದ್ರ ಇಲ್ಲ ಅನ್ನಾಕ ನಾ ಏನ ಕಲ್ಲೇನು?’

ಹುಚ್ಚೇಶನ ಶಾಲು ಹೆಗಲಿನಿಂದ ಜಾರಿತು. ಅಮಸಿದ್ದಪ್ಪ ಎತ್ತಿ ಹೊದಿಸಿದ.

ಮರಳುವಾಗ ಹುನಗುಂದದಲ್ಲಿ ಬಸ್ಸು ನಿಂತಾಗ ಹುಚ್ಚೇಶ ತಾಯಿಯನ್ನು ಕೇಳಿದ. ಚಂದ್ರವ್ವ ಮುಚ್ಚಿಡಲಿಲ್ಲ.

‘ಹೌದು, ಕೇಳಿದೆ. ಏನಾತು? ನಾ ಸಾಯೂದರೊಳಗ ಒಮ್ಮಿ ನೀ ಗೆದ್ದದ್ದ ನೋಡಬೇಕಿತ್ತು.’

‘ನಾ ಖರೇನ ಗೆಲ್ತಿದ್ದೆ ಅವ್ವಾ. ಈ ವರ್ಷ ಇಲ್ಲಂದ್ರ ಬರೂ ವರ್ಷ.’

‘ಗೆಲ್ತಿದ್ದೆಪಾ, ಗೆಲ್ತಿದ್ದೆ,’ ಅಂದಳು ಅವಳು. ಅಳುವ ಮಗುವನ್ನು ರಮಿಸುವ ದನಿ ಅದು. ಅವಳು ನಂಬಿರಲಿಲ್ಲ. ಹುಚ್ಚೇಶ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಮರುದಿನ ಅಧ್ಯಕ್ಷರಿಗೆ ಫೋನು ಮಾಡಿ ಬಹುಮಾನ ವಾಪಸು ತೆಗೆದುಕೊಳ್ಳಿ, ಇದು ನನ್ನದಲ್ಲ ಅಂದ. ಅವರು ನಕ್ಕರು. ‘ಎಂಥ ದೊಡ್ಡ ಮನಸ್ಸು ನಿಮ್ಮದು!’ ಎಂದರು. ಸಂಜೆಯೊಳಗೆ ಅವನ ವಿನಯವನ್ನು ಹೊಗಳಿ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬರೆದರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದು ಬಿದ್ದವು.

ಸುದ್ದಿ ಹಬ್ಬಿತು. ಆಮೇಲೆ ಗಾಳಿಯೂ ಮೊದಲಿನಂತಿರಲಿಲ್ಲ. ಅವನ ಹೆಸರು ಕೇಳಿದ ಕೂಡಲೇ ಎಲ್ಲರೂ ವೇಗ ತಗ್ಗಿಸುತ್ತಿದ್ದರು. ನಂಬರನ್ನು ಮೂರು ಮೂರು ಸಲ ಹೇಳುತ್ತಿದ್ದರು. ಅವನು ಕರೆಯುವ ಜಾಗಕ್ಕೆ ಯಾರೂ ನುಗ್ಗುತ್ತಿರಲಿಲ್ಲ. ಬೇಗ ಕಳಿಸಿ, ಬೇಗ ಕಳಿಸಿ ಎಂದು ಅವನು ಕುಟ್ಟಿದರೆ, ಆಗಲಿ ಗೆಳೆಯಾ ಎಂದು ಇನ್ನೂ ನಿಧಾನವಾಗಿ ಉತ್ತರ ಬರುತ್ತಿತ್ತು. ಗದ್ದಲದೊಳಗೆ ಒಬ್ಬನ ಹೆಸರು ಹಿಡಿಯುವ ಕಿವಿ ಅವನಲ್ಲಿತ್ತು. ಅವನೆದುರು ಗದ್ದಲವೇ ಇಲ್ಲವಾಯಿತು.

ಮತ್ತೊಂದು ಚಳಿಗಾಲ ಬಂತು. ಅಮಸಿದ್ದಪ್ಪನ ಮೇಲಿನ ಹಟಕ್ಕೆ ಹುಚ್ಚೇಶ ಸ್ಪರ್ಧೆಗೆ ಕೂತ. ಆ ದಿನ ಅಮಸಿದ್ದಪ್ಪ ಮೊದಲಿನಂತೆಯೇ ಬಂದ; ಮಗ್ಗುಲಲ್ಲಿ ಕೂತು ಒತ್ತರಿಸಿದ, ಎರಡು ಸಲ ಜಾಗ ಬಿಡಿಸಿದ, ಅಕ್ಷರಗಳನ್ನು ಸಿಡಿಸಿದ. ಫಲಿತಾಂಶದಲ್ಲಿ ಎರಡು ಪಟ್ಟಿ ಬಂದವು. ಸಾಮಾನ್ಯ ವಿಭಾಗದಲ್ಲಿ ಅಮಸಿದ್ದಪ್ಪ ಮೊದಲು. ವಿಶೇಷ ವಿಭಾಗದಲ್ಲಿ ಹುಚ್ಚೇಶ ಮೊದಲು. ಆ ಪಟ್ಟಿಯಲ್ಲಿ ಇದ್ದದ್ದು ಅವನೊಬ್ಬನೇ. ಅಂಕ ನೋಡಿದರೆ ಹುಚ್ಚೇಶನವೇ ಹೆಚ್ಚು. ಎರಡನ್ನೂ ಜೊತೆಗಿಟ್ಟು ಯಾರೂ ನೋಡಲಿಲ್ಲ.

ಅಮಸಿದ್ದಪ್ಪ ಒಬ್ಬನೇ ನೋಡಿದ. ಫೋನು ಮಾಡಿದ.

‘ಬೀರಪ್ಪನ ಆಣಿ ಮಾಡಿ ಹೇಳ್ತೇನಿ ತಮ್ಮಾ, ಈ ಸಲ ಒಂದ ಚೂರೂ ಬಿಡಲಿಲ್ಲ. ಖರೇನ ನನ್ನ ಸೋಲಿಸಿದಿ.’

‘ನಿಮ್ಮ ಆಣಿ ಮ್ಯಾಲೆ ನನಗ ನಂಬಿಕಿ ಐತ್ರಿ,’ ಹುಚ್ಚೇಶ ಹೇಳಿದ. ‘ಆದ್ರ ಉಳದವರು? ಎಲ್ಲಾರೂ ನಿಮ್ಮನ್ನ ಬಿಟ್ಟು ಮೊದಲ ನನ್ನ ಕಡೆ ಬಂದ್ರು. ಅದು ನಿಮಗೂ ಕೇಳಿರಬೇಕಲ್ರಿ.’

ಆ ಕಡೆ ಕ್ರಾಸಿನಲ್ಲಿ ಲಾರಿಯೊಂದು ಹಾರ್ನ್ ಹೊಡೆದು ಹೋದದ್ದು ಕೇಳಿತು.

‘ಕೇಳೇತಿ,’ ಅಂದ ಅಮಸಿದ್ದಪ್ಪ.

ಈ ವರ್ಷದ ಸ್ಪರ್ಧೆಗೆ ಇಬ್ಬರೂ ಕೂಡಲಿಲ್ಲ. ಬಳಗದವರು ಹುಚ್ಚೇಶನನ್ನು ಬಹುಮಾನ ಹಂಚುವ ಮುಖ್ಯ ಅತಿಥಿಯಾಗಿ ಕರೆದರು. ಬೇಡವೆಂದರೂ ಚಂದ್ರವ್ವ ಬಿಡಲಿಲ್ಲ. ಮಂಡಿನೋವಿನಲ್ಲೂ ಬಸ್ಸು ಹತ್ತಿದಳು. ಮೊದಲ ಬಹುಮಾನ ಧಾರವಾಡದಲ್ಲಿ ಓದುತ್ತಿರುವ ಜಯಶ್ರೀ ಎಂಬ ಹುಡುಗಿಗೆ ಬಂದಿತ್ತು. ಫಲಕವನ್ನು ಅವಳ ಕೈಗೆ ಕೊಡುವಾಗ ಹುಚ್ಚೇಶ ಮೈಕಿಗೆ ಕೇಳದಂತೆ ಮೆಲ್ಲಗೆ ಕೇಳಿದ:

‘ಎಷ್ಟ ಮಂದಿನ್ನ ಹಿಡದಿ? ಕೊನೀ ತಾಸಿನ್ಯಾಗ ಯಾವ ಜಾಗಾದಾಗ ಇದ್ದಿ?’

ಹುಡುಗಿ ಬಗ್ಗಿ ಅವನ ಕಾಲು ಮುಟ್ಟಿದಳು. ‘ಎಲ್ಲಾ ನಿಮ್ಮ ಆಶೀರ್ವಾದ ಸರ್,’ ಅಂದಳು, ಒಂದೊಂದೇ ಅಕ್ಷರವನ್ನು ಬಿಡಿಸಿ, ನಿಧಾನವಾಗಿ.